ಜಗಳಕ್ಕೆ ಹೋದ ಕಾಕಾ

ಮನೆಯಲ್ಲಿ ಜಗಳವಾಡಲು ಬಾರದ ಗಂಡಸೊಬ್ಬನಿದ್ದರೆ ಉಳಿದವರ ಪಾಡೇನು ಎಂಬುದನ್ನು ನಮ್ಮನ್ನು ಕೇಳಬೇಕು. ನಮ್ಮ ಕಾಕಾ, ಎಂದರೆ ಅಪ್ಪನ ತಮ್ಮ, ಅಂಥವನು. ರಾಯಬಾಗದಲ್ಲಿ ಚಿಕ್ಕೋಡಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನಿಸ್ಸೀಮ. ಆದರೆ ಬಸ್ಸೇರಿ ನೋಡಿದರೆ ಆ ಟವೆಲ್ಲಿನ ಮೇಲೆ ಬೇರೆ ಯಾರೋ ಆರಾಮಾಗಿ ಕೂತಿರುತ್ತಿದ್ದರು! ಅವರನ್ನು ಎಬ್ಬಿಸುವುದುಂಟೇ? "ಹಂಗ ಕೂಡ್ರಿ, ಸೀಟಿನ ಮ್ಯಾಲ ಭಾಳ ಧೂಳ ಐತಿ" ಎನ್ನುತ್ತಿದ್ದ. ಚಿಕ್ಕೋಡಿವರೆಗೆ ಕಾಕಾನೂ ನಾನೂ ನಿಂತೇ ಹೋಗುತ್ತಿದ್ದೆವು.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಮ್ಮ ಹೊಲಕ್ಕೆ ಕಾಲುವೆ ನೀರು ಪಕ್ಕದ ಹೊಲ ದಾಟಿಯೇ ಬರಬೇಕು. ನಮ್ಮ ಕಬ್ಬಿಗೆ ನುಗ್ಗಿದ ತನ್ನ ಎಮ್ಮೆಯನ್ನು ನಾನು ಬೈದೆನೆಂದು ಆ ಹೊಲದವನು ತನ್ನ ಭಾಗದ ಕಾಲುವೆಯ ಹೂಳು ತೆಗೆಯದೆ ಕೂತ. ಎಮ್ಮೆ ಮಾತ್ರ ಏನೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ! ಎರಡು ಎಕರೆ ಕಬ್ಬು ಒಣಗತೊಡಗಿತ್ತು. ಇನ್ನು ಮೂರು ದಿನಕ್ಕೆ ನಮ್ಮ ನೀರಿನ ಪಾಳಿ. ಅದು ತಪ್ಪಿದರೆ ಬೆಳೆ ಕೈತಪ್ಪಿದಂತೆಯೇ.

"ಹೋಗಿ ನಾಕ ಮಾತ ಝಾಡಿಸಿ ಬಾ ಕಾಕಾ" ಎಂದೆ.

ಕಾಕಾ ಗುದ್ದಲಿ ಹೆಗಲಿಗೇರಿಸಿ ಹೊರಟ. ಕೊನೆಗೂ! ಖುಷಿಯಿಂದ ಹಿಂದೆಯೇ ಹೋಗಿ ನೋಡಿದರೆ, ಅವನು ಪಕ್ಕದವನ ಕಾಲುವೆಗಿಳಿದು ತಾನೇ ಹೂಳು ತೆಗೆಯುತ್ತಿದ್ದಾನೆ. ಹೊಲದವನು ಬದುವಿನ ಮೇಲೆ ಕೂತು ಬೀಡಿ ಸೇದುತ್ತ ನೋಡುತ್ತಿದ್ದಾನೆ. ನನ್ನ ಮಾನ ಹರಾಜಾಯಿತು.

ಎರಡನೆಯ ದಿನವೂ ಅದೇ. ಮೂರನೆಯ ದಿನ ಮುಂಜಾನೆ ಹೊಲದವನು ಬೀಡಿ ಎಸೆದು ಎದ್ದ. "ಅಣ್ಣಾರ, ಮ್ಯಾಲ ಬರ್ರಿ. ನಿಮ್ಮನ್ನ ನೋಡಿ ನೋಡಿ ನನಗ ಬೀಡಿ ರುಚಿ ಹತ್ತವಲ್ದು" ಎಂದು ಗುದ್ದಲಿ ಹಿಡಿದು ಇಳಿದ. ನಾನೂ ಇಳಿದೆ, ಎಮ್ಮೆಯ ವಿಷಯದಲ್ಲಿ ತಪ್ಪಾಯಿತು ಎಂದೆ. ಮಧ್ಯಾಹ್ನ ನೀರು ಕಬ್ಬಿನ ಬುಡ ಮುಟ್ಟಿದಾಗ ಎದೆಯ ಭಾರವೆಲ್ಲ ಇಳಿದು ಕೆಸರಿನಲ್ಲೇ ಕೂತುಬಿಟ್ಟೆ.

ಕಾಕಾ ನೀರಿಗೆ ಕೈಯೊಡ್ಡಿದ. ಅಂಗೈ ತುಂಬ ಬೊಬ್ಬೆಗಳು ಒಡೆದಿದ್ದವು.

"ನಿನಗ ಅವನ ಮ್ಯಾಲ ಸಿಟ್ಟ ಬರಲಿಲ್ಲೇನ ಕಾಕಾ?"

"ಯಾಕ ಬರೂದಿಲ್ಲ ತಮ್ಮಾ? ಮೈ ನಡಗಾಕತ್ತಿತ್ತು. ಅದಕ್ಕ ಎರಡೂ ಕೈಲೆ ಗುದ್ದಲಿ ಹಿಡಕೊಂಡೆ. ಖಾಲಿ ಬಿಟ್ಟಿದ್ರ ಅವನ ಕೊರಳಪಟ್ಟಿಗೆ ಹೋಗತಿದ್ವು."

ಆ ಕೈಗಳನ್ನು ನಾನೇ ತೊಳೆದೆ. ಉರಿಯುತ್ತದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಕಣ್ಣೀರು ನನಗೇ ಬಂತು.