ಗಾಳಿಯೂ ನುಸುಳದ ಲಗ್ನಪತ್ರಿಕೆ

"ಮಗಳ ಲಗ್ನಪತ್ರಿಕೆಯಲ್ಲಿ ನೆಂಟರೊಬ್ಬರ ಹೆಸರೂ ಬಿಟ್ಟು ಹೋಗಕೂಡದು!" ಎಂದು ಕೊರಟಗೆರೆಯ ಪ್ರೆಸ್ ಮಾಲೀಕ ಜಯರಾಮಯ್ಯನವರು ಘೋಷಿಸಿದ್ದು ಬೆಳಗಿನ ಕಾಫಿಯ ಹೊತ್ತಿಗೆ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಆಳು ಜ್ವರವೆಂದು ಮಲಗಿದ್ದ. ಮದುವೆಗೆ ಉಳಿದಿದ್ದು ಒಂದೇ ವಾರ. ಸಂಜೆ ಬಸ್ಸಿಗೆ ಮಧುಗಿರಿಯಿಂದ ಬೀಗರು ಗಂಗಹನುಮಯ್ಯನವರು ಪತ್ರಿಕೆ ಒಯ್ಯಲು ಬರುವವರಿದ್ದರು. "ನಮ್ಮದೇ ಪ್ರೆಸ್ಸು, ನನ್ನದೇ ಕೈ" ಎಂದು ಅವರ ಮುಂದೆ ಮೀಸೆ ತಿರುವಿ ಬಂದಾಗಿತ್ತು.

ಮಧ್ಯಾಹ್ನಕ್ಕೆ ಪುಟ ತುಂಬಿತು. ಹೆಂಡತಿ ಓಬಳಮ್ಮ ಮೊದಲ ಪ್ರತಿ ಓದಿದರು.

"ರೀ, ನಮ್ಮಣ್ಣ ಎಲ್ಲಿ?"

"ಕೊಳಾಲದಲ್ಲಿ."

"ಕಾರ್ಡಲ್ಲಿ ಎಲ್ಲಿ ಅಂದೆ! ನಿಮ್ಮ ಕಡೆ ತೊಟ್ಲಲ್ಲಿರೋ ಕೂಸಿನೆಸ್ರೂ ಐತೆ, ನಮ್ಮ ಕದಿರಣ್ಣನ ಹೆಸ್ರಿಲ್ಲ!"

"ಜಾಗ ಇಲ್ಲ ಕಣೇ."

"ಇಲ್ದೆ ಏನು? ಸಾಲು ಸಾಲಿನ ಮಧ್ಯೆ ಎತ್ತಿನ ಗಾಡಿ ಹೊಡೀಬೋದು! ಒತ್ತಿ ಕೂರ್ಸಿ. ಹೆಸ್ರಿಲ್ದಿದ್ರೆ ಅವ್ನು ಚಪ್ಪರದೊಳಕ್ಕೆ ಕಾಲಿಕ್ಕಲ್ಲ."

"ಒತ್ತೋದೇನು, ಗಾಳಿಯೂ ನುಸುಳದಂಗೆ ಮಾಡ್ತೀನಿ!"

ಹೆಸರುಗಳ ನಡುವಿನ ಖಾಲಿ ಮೊಳೆಗಳನ್ನು ಕಿತ್ತರು. ಸಾಲುಗಳ ನಡುವಿನ ಸೀಸದ ಪಟ್ಟಿಗಳನ್ನು ಎಳೆದರು. ನಾಲ್ಕು ಸಾಲು ಎರಡಾದವು, ಎರಡು ಒಂದಾಯಿತು. ಚಿಕ್ಕಪ್ಪಂದಿರು ಷಡ್ಡಕರ ಬೆನ್ನಿಗೆ ಅಂಟಿದರು. ಸಂತೆ ದಿನದ ಬಸ್ಸಿನಲ್ಲೂ ಇಷ್ಟು ಜನ ಹಿಡಿಸಿರಲಿಲ್ಲ! ಕೊಳಾಲದ ಕದಿರಯ್ಯನವರು ಕೊನೆಯ ಸಾಲಿನ ಫುಟ್‌ಬೋರ್ಡಿನ ಮೇಲೆ ನಿಂತರು.

ಕಬ್ಬಿಣದ ಚೌಕಟ್ಟಿನಲ್ಲಿ ಅಕ್ಷರಗಳನ್ನು ಬಿಗಿಯಾಗಿ ಹಿಡಿದಿಡುವುದು ಆ ಖಾಲಿ ತುಂಡುಗಳೇ. ಅವು ಹೋದರೆ ಒಂದು ಸಾಲು ಉದ್ದ, ಒಂದು ಗಿಡ್ಡ. ಗಿಡ್ಡ ಸಾಲಿಗೆ ಆಸರೆಯೇ ಇಲ್ಲ. ಇಷ್ಟು ಕಾಲ ಪ್ರೆಸ್ ನಡೆಸಿದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾವನ ಭಯದಲ್ಲಿ ಮರೆತುಹೋಗಿತ್ತು.

ಚೌಕಟ್ಟನ್ನು ಎದೆಯೆತ್ತರಕ್ಕೆ ಎತ್ತಿದರು. ಜಳಜಳನೆ ಉಭಯ ವಂಶಗಳೂ ನೆಲಕ್ಕೆ ಸುರಿದವು!

ಜಯರಾಮಯ್ಯನವರು ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಸಿದರು. "ಹೋಯ್ತು ಕಣೇ, ಬೀಗರ ಮುಂದೆ ಮಾನ ಮೂರು ಕಾಸಿಗೆ ಹೋಯ್ತು!"

ಓಬಳಮ್ಮ ಒಳಗಿನಿಂದ ಮೊರ ತಂದರು. "ಕೇರಿ ಕೊಡ್ಲಾ?"

"ಇದೇನು ರಾಗಿಯೇನೇ!" ಎನ್ನುವಾಗ ಅವರಿಗೆ ಅಳುವೇ ಬಂದುಬಿಟ್ಟಿತು.

ಪಟ್ಟಿ ಕೀಳದೆ ಬಿಟ್ಟಿದ್ದರಿಂದ ಉದುರದೆ ಉಳಿದದ್ದು ಮೇಲಿನ ಗಣಪತಿ, ವಧೂವರರ ಹೆಸರು, ಮುಹೂರ್ತ, ಸ್ಥಳ. ಕೆಳಗೆ ಮುಕ್ಕಾಲು ಪುಟ ಬಟ್ಟಾಬಯಲು. ವಿಧಿಯಿಲ್ಲದೆ ಅದನ್ನೇ ಬಿಗಿದು ಒಂದು ಪ್ರತಿ ತೆಗೆಯುವಷ್ಟರಲ್ಲಿ ಗಂಗಹನುಮಯ್ಯನವರು ಬಾಗಿಲಲ್ಲಿ ನಿಂತಿದ್ದರು.

ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಜಯರಾಮಯ್ಯನವರು ನೆಲದ ಮೊಳೆಗಳನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿದರು.

"ನಿಮ್ಮ ಕಡೇರ್ದು ಒಂದೆಸ್ರೂ ಹಾಕ್ಕಂಡಿಲ್ವಲ್ಲ ಬೀಗ್ರೇ! ಎಂಥಾ ದೊಡ್ಡ ಮನ್ಸು ನಿಮ್ದು!"

ಹೋದ ಜೀವ ಬಂದಂತಾಯಿತು. ಜಯರಾಮಯ್ಯನವರು ವಿನಯದಿಂದ ಕೈಮುಗಿದರು. "ಎಲ್ಲಾ ನಿಮ್ಮ ಆಶೀರ್ವಾದ."

"ನಮ್ಮೋರಿಗೇ ಅಂತ ಇಷ್ಟು ಜಾಗ ಬಿಟ್ಟಿದ್ದೀರಿ!" ಬೀಗರು ಕುರ್ಚಿ ಎಳೆದು ಕೂತು ಬೆರಳು ಮಡಚತೊಡಗಿದರು. "ಜೋಡಿಸ್ಕಳಿ. ನಮ್ಮ ದೊಡ್ಡಪ್ಪನ ಮಕ್ಳೇ ಹದಿನಾಲ್ಕು ಜನ. ಎಲ್ರೂ ಒಂದೇ ಸಾಲಲ್ಲಿ ಬರ್ಬೇಕು ನೋಡಿ. ಬೇರೆ ಬೇರೆ ಹಾಕಿದ್ರೆ ಮನೆ ಒಡೀತು ಅಂತಾರೆ!"