ಅಳಿಸಿಹೋದ ಮಚ್ಚೆ

ಗುಬ್ಬಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಚನ್ನೇಶನ ಫಜೀತಿಗೆಲ್ಲ ಅವನ ಮೂಗಿನ ಪಕ್ಕದ ಹುಣಸೇಬೀಜದಷ್ಟು ಮಚ್ಚೆಯೇ ಕಾರಣವೆಂದರೆ ನೀವು ನಂಬಲಿಕ್ಕಿಲ್ಲ. 2003ರಲ್ಲಿ ಅವನು ತುಮಕೂರಿನಿಂದ ಹಳೇ ಕಂಪ್ಯೂಟರೊಂದನ್ನು ತಂದು ಫೋಟೋಶಾಪ್ ಕಲಿತಿದ್ದ. ಅಂದಿನಿಂದ ಊರಿನವರ ಮುಖದ ಮೇಲೆ ಬೆಳಕು ಬೀಳಿಸುವ ಕೆಲಸವನ್ನು ಸೂರ್ಯನ ಕೈಯಿಂದ ಕಿತ್ತುಕೊಂಡು ತಾನೇ ಮಾಡುತ್ತಿದ್ದ.

ಅವನಿಗಿದ್ದ ಆಸೆ ಒಂದೇ: ಶಿಶುವಿಹಾರದ ಟೀಚರ್ ದಾಕ್ಷಾಯಣಿ. ಮಕ್ಕಳ ಫೋಟೋ ಕೆಲಸಕ್ಕೆಂದು ಅವಳು ನಾಲ್ಕು ವರ್ಷದಿಂದ ಬರುತ್ತಿದ್ದಳು. ನಾಲ್ಕು ವರ್ಷದಿಂದ ಇವನ ಬಾಯಿಗೆ ಬೀಗ. ಊರಿನ ಗಂಡಸರನ್ನೆಲ್ಲ ಅಣ್ಣ ಅಣ್ಣ ಎನ್ನುವವಳು ತನ್ನನ್ನು ಒಮ್ಮೆಯೂ ಹಾಗೆ ಕರೆದಿಲ್ಲ ಎಂಬುದೊಂದೇ ಅವನ ಭರವಸೆ. ಹೋದ ತಿಂಗಳು ಗಂಡಿನವರಿಗೆ ಕಳಿಸಲು ಅವಳ ಫೋಟೋ ತೆಗೆದಾಗ, ಕಣ್ಣ ಕೆಳಗಿನ ನೆರಳನ್ನು ತಿದ್ದುತ್ತಾ ಮೂರು ದಿನ ಕೂತಿದ್ದ. ಅರ್ಧ ಗಂಟೆಯ ಕೆಲಸ ಅದು. ಮುಗಿಸಲು ಮನಸ್ಸಾಗಿರಲಿಲ್ಲ.

ಆ ದಿನ ಬೆಳಿಗ್ಗೆ ಮದುವೆ ದಲ್ಲಾಳಿ ಕರಿಸಿದ್ದಪ್ಪ ಒಂದು ಫೋಟೋ ತಂದು ಮೇಜಿನ ಮೇಲಿಟ್ಟ.

"ಕುಣಿಗಲ್ ಗಂಡು ಕಣಪ್ಪ. ಮುಖ ಕತ್ತಲಾಗೈತೆ, ಒಂಚೂರು ಬೆಳಕು ಮಾಡ್ಕೊಡು. ದಾಕ್ಷಾಯಣಿ ಮನೆಗೆ ಒಯ್ಯಬೇಕು. ಗಂಡಿನೋರಿಗೆ ಹುಡುಗಿ ಫೋಟೋ ಆಗ್ಲೇ ಹಿಡಿಸೈತೆ."

ಚನ್ನೇಶ ಆ ಫೋಟೋ ಕೈಗೆತ್ತಿಕೊಂಡ. ನಾಲ್ಕು ವರ್ಷದಲ್ಲಿ ಬಾರದ ಧೈರ್ಯ ಆ ಗಳಿಗೆಯಲ್ಲಿ ಬಂತು.

"ಸಿದ್ದಪ್ಪಣ್ಣ, ಅದರ ಜೊತೆ ನಂದೂ ಒಂದು ಫೋಟೋ ತಗೊಂಡೋಗಿ. ಒಪ್ಪಿದ್ರೆ ಮಾತ್ರ ಹೆಸರು ಹೇಳಿ. ಒಪ್ಪದಿದ್ರೆ, ನಾಳೆ ಅವ್ರು ಅಂಗಡಿಗೆ ಬಂದಾಗ ನಾನು ಮುಖ ಎಲ್ಲಿಟ್ಕೊಳ್ಲಿ?"

"ಆಯ್ತು. ಹನ್ನೆರಡಕ್ಕೆ ಬರ್ತೀನಿ," ಎಂದ ಕರಿಸಿದ್ದಪ್ಪ.

ಚನ್ನೇಶ ತನ್ನ ಫೋಟೋ ತೆರೆದು ಕೂತ. ಎದುರಿಗೆ ಹೂ ಮಾರುವ ರಂಗಲಕ್ಷ್ಮಮ್ಮ ಬುಟ್ಟಿ ಸಮೇತ ಒಳಬಂದಳು.

"ಗಲ್ಲಕ್ಕೆ ಇನ್ನೊಂಚೂರು ಬೆಳಕು ಬುಡಪ್ಪ. ಆ ಮಚ್ಚೆ ಯಾಕೆ? ನೊಣ ಕೂತಂಗೈತೆ, ತೆಗಿ."

ಮಚ್ಚೆ ಹೋಯಿತು. ಅಷ್ಟರಲ್ಲಿ ಪಕ್ಕದ ಫ್ರೇಮ್ ಅಂಗಡಿಯ ಮನ್ಸೂರ್ ಅಲಿ ಬಂದರು.

"ಮುಖ ಬೆಳ್ಳಗೆ, ಕತ್ತು ಕರ್ರಗೆ. ಇನ್ಯಾರದೋ ತಲೆ ಅಂಟಿಸ್ದಂಗಿದೆ ಕಣಯ್ಯ."

ಕತ್ತು ಬೆಳ್ಳಗಾಯಿತು. ಆಗ ಕಿವಿಗಳು ಎರವಲು ತಂದವುಗಳಂತೆ ಕಂಡವು, ಅವೂ ಬೆಳ್ಳಗಾದವು. ಬೆಳಕು ಹೆಚ್ಚಾಗಿ ಹುಬ್ಬು ಮಾಯವಾದಾಗ ಹೊಸ ಹುಬ್ಬು ಬರೆದದ್ದಾಯಿತು. "ಇಷ್ಟು ಬೆಳ್ಳಗಿರೋನು ಬರೀ ಶರ್ಟಲ್ಲಿರ್ತಾನಾ?" ಎಂದು ಮನ್ಸೂರ್ ಅಲಿ ಒಂದು ಕೋಟು, ಟೈ ಹಾಕಿಸಿದರು. ಪ್ರಿಂಟ್ ಹೊರಬಂದದ್ದೇ ಕರೆಂಟು ಹೋಯಿತು. ಕರೆಂಟಿಲ್ಲದ ಕಂಪ್ಯೂಟರಿನಲ್ಲಿ ನೋಡಲು ಏನೂ ಇಲ್ಲವೆಂದು ಸಲಹೆಗಾರರಿಬ್ಬರೂ ಎದ್ದುಹೋದರು.

ಮತ್ತೆ ಕರೆಂಟು ಬಂದಾಗ ಹನ್ನೆರಡಕ್ಕೆ ಹತ್ತೇ ನಿಮಿಷ. ಕುಣಿಗಲ್ ಗಂಡಿನ ಮುಖವನ್ನು ಹಾಗೇ ಕತ್ತಲಲ್ಲಿ ಬಿಟ್ಟುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಆದರೆ ಕಲಿತ ಕೈ ಕೇಳಲಿಲ್ಲ. ದಾಕ್ಷಾಯಣಿಯ ಕಣ್ಣ ಕೆಳಗೆ ಕಲಿತದ್ದನ್ನೇ ಇಲ್ಲೂ ಮಾಡಿದ. ನೆರಳನ್ನು ಮೆಲ್ಲಗೆ ಸರಿಸಿ, ಚರ್ಮದ ಬಣ್ಣ, ಗಲ್ಲದ ಗುಳಿ, ಹಣೆಯ ಗೆರೆ ಎಲ್ಲವನ್ನೂ ಇದ್ದಹಾಗೇ ಉಳಿಸಿದ. ಬೆಳಗಿನ ಹೊತ್ತು ಜಗಲಿಯ ಮೇಲೆ ಕೂತವನಂತೆ ಕಂಡ ಆ ಗಂಡು.

ಕರಿಸಿದ್ದಪ್ಪ ಬಂದು ಎರಡೂ ಫೋಟೋಗಳನ್ನು ಜೇಬಿಗಿಳಿಸಿಕೊಂಡು ಹೋದ. ಚನ್ನೇಶನಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಬೀದಿಯಲ್ಲಿ ಬಳೆ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡಿದ.

ಸಂಜೆ ದಾಕ್ಷಾಯಣಿಯೇ ಬಂದಳು. ಎರಡೂ ಫೋಟೋ ಮೇಜಿನ ಮೇಲಿಟ್ಟು, ಕುಣಿಗಲ್ ಗಂಡಿನದನ್ನು ಮುಂದೆ ಸರಿಸಿದಳು.

"ಇದು ನೀವೇ ಮಾಡಿದ್ದಂತಲ್ಲ. ಇವ್ರು ನಿಜವಾಗ್ಲೂ ಹಿಂಗೇ ಇದಾರಾ?"

"ಹಿಂಗೇ ಇದಾರೆ. ನಾನು ನೆರಳು ಸರಿಸಿದೀನಿ, ಅಷ್ಟೇ," ಎಂದ ಚನ್ನೇಶ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಬೆವರುತ್ತಾ ಇನ್ನೊಂದರ ಕಡೆ ಬೆರಳು ತೋರಿಸಿದ. "ಮತ್ತೆ... ಇವ್ರು?"

ಅವಳಿಗೆ ನಗು ತಡೆಯಲಾಗಲಿಲ್ಲ. "ಯಾರೋ ಸುಣ್ಣದ ಡಬ್ಬಕ್ಕೆ ಬಿದ್ದು ಎದ್ದು ಬಂದಂಗಿದಾರೆ. ಬಟ್ಟೆ ಅಂಗಡಿ ಬೊಂಬೆನಾ ಅಂದ್ರು ಅಪ್ಪ."

ನಗು ಇಳಿಯಿತು. ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

"ಸಿದ್ದಪ್ಪನೋರು ಎರಡನೇದೂ ಒಂದಿದೆ, ಗುಬ್ಬಿಯೋರೇ, ಹೆಸರು ಆಮೇಲೆ ಹೇಳ್ತೀನಿ ಅಂದ್ರು. ಮೂಗಿನ ಪಕ್ಕ ಒಂದು ಮಚ್ಚೆ ಇರುತ್ತೇನೋ ಅಂತ ದೀಪದ ಹತ್ರ ಹಿಡಿದು ಹುಡುಕಿದೆ. ಇರ್ಲಿಲ್ಲ. ನಾಲ್ಕು ವರ್ಷ ಬಾಯಿ ಬಿಡದೋರು ಇನ್ನು ಬಿಡಲ್ಲ ಅನ್ನಿಸ್ತು. ಇವ್ರಿಗೆ ಹೂಂ ಅಂದ್ಬಿಟ್ಟೆ. ಅಪ್ಪ ಆಗ್ಲೇ ಕುಣಿಗಲ್‌ಗೆ ಫೋನ್ ಮಾಡಿ ಮಾತು ಕೊಟ್ರು."

ಚನ್ನೇಶನ ಕೈ ತಾನಾಗಿ ಮೂಗಿನ ಪಕ್ಕಕ್ಕೆ ಹೋಯಿತು. ಮಚ್ಚೆ ಅಲ್ಲೇ ಇತ್ತು.

ದಾಕ್ಷಾಯಣಿ ಕುಣಿಗಲ್ ಗಂಡಿನ ಫೋಟೋವನ್ನು ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡಳು. ಇನ್ನೊಂದನ್ನು ಅಲ್ಲೇ ಬಿಟ್ಟಳು. ಮೆಟ್ಟಿಲಿಳಿದವಳು ತಿರುಗಿ ನಿಂತಳು.

"ಮದುವೆ ಫೋಟೋ ನೀವೇ ತೆಗೀಬೇಕು. ಬರ್ತೀರಲ್ವಾ, ಅಣ್ಣ?"