ಬಳಗದ ಸೈಟಿನ ಬಾಡಿಗೆದಾರ

ಮಾಂತುವಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ. ಅವನ ಎಲ್ಲ ತಾಪತ್ರಯಕ್ಕೂ ಅದೇ ಮೂಲ.

ಚಿಂಚವಡದ ಕನ್ನಡ ಬಳಗಕ್ಕೊಂದು ವೆಬ್‌ಸೈಟ್ ಆದಾಗ ಅದರ ಉಸ್ತುವಾರಿ ಅವನ ಕೊರಳಿಗೆ ಬಿತ್ತು. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾನೆ ಎಂಬುದೊಂದೇ ಅರ್ಹತೆ. ಅಧ್ಯಕ್ಷ ನಿಜಲಿಂಗಪ್ಪನವರು ತಮ್ಮ ಫೋಟೋದ ಮುಂದೆ ದೀಪ ಮಿನುಗಬೇಕೆಂದರು. ಹಾಗೆ ದೀಪ ಹಚ್ಚುವುದು ತೀರಿಕೊಂಡವರಿಗೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಖಜಾಂಚಿ ಕೃಷ್ಣಾಬಾಯಿ ತಮ್ಮ ಹೋಳಿಗೆಯ ವಿಧಾನ ತಾನೇ ಪುಟ ತಿರುಗಿಸಿಕೊಳ್ಳಬೇಕೆಂದರು. ಕೇಳಿದ್ದಕ್ಕೆಲ್ಲ ಮಾಂತು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಪ್ಲಗಿನ್ ಎಂಬ ಸಿದ್ಧ ತುಣುಕುಗಳನ್ನು ತಂದು ಸೈಟಿಗೆ ಅಂಟಿಸಿದ. ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ’ ಎಂದು ಮೇಲ್ಗಡೆ ಮೂಡುತ್ತಿದ್ದ ಹಳದಿ ಪಟ್ಟಿಯನ್ನು ದೀಪಾವಳಿ ಶುಭಾಶಯದಂತೆ ನೋಡಿ ಸುಮ್ಮನಾದ.

ಆದರೂ ಸೈಟು ಒಂದು ದಿನವೂ ಕೆಡಲಿಲ್ಲ. ಅದಕ್ಕಾಗಿ ಇವತ್ತು ಸಂಜೆ ವಾರ್ಷಿಕ ಸಭೆಯಲ್ಲಿ ಮಾಂತುವಿಗೆ ಶಾಲು ಹೊದಿಸುವವರಿದ್ದರು. ಅದನ್ನು ನೋಡಲು ಬಾರಾಮತಿಯಿಂದ ಮಾವ ಕಾಶಪ್ಪನವರೂ ಬರುವವರಿದ್ದರು. ಮದುವೆಯಾದಾಗಿನಿಂದ ಅವರು ಅಳಿಯನನ್ನು ಹೊಗಳಿದ ದಾಖಲೆ ಇರಲಿಲ್ಲ. ಕಿರಿಮಗಳು ಮಾಧುರಿಗೆ ಗಂಡು ನೋಡುವಾಗಲಂತೂ, “ಈ ಸಲ ಜರಾ ಚೊಲೋದು ನೋಡಬೇಕು” ಎಂದು ಇವನ ಎದುರಿಗೇ ಅನ್ನುತ್ತಿದ್ದರು.

ಮುಂಜಾನೆ, ಸಭೆಯ ವೇಳೆಯನ್ನು ಸೈಟಿಗೆ ಹಾಕಲೆಂದು ಸ್ವಪ್ನಿಲನ ಸೈಬರ್ ಕೆಫೆಗೆ ಹೋದ ಮಾಂತು, ಸೈಟಿನ ಮೇಲ್ವಿಚಾರಕರ ಜಾಗದಲ್ಲಿ ತನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು ಕಂಡು ಗಾಬರಿಯಾದ. ನೈಟ್‌ಬಾಯ್.

“ಸ್ವಪ್ನಿಲ್, ಇಂವ ಯಾಂವೋ?”

“ಅರೇ ಬಾಪ್‌ರೇ! ಹ್ಯಾಕರ್ ಅದಾನ ಮಾಂತಣ್ಣ. ನಿಮ್ಮ ದೀಪದ ಪ್ಲಗಿನ್‌ನ್ಯಾಗ ತೂತ ಅದ, ಅದರಾಗಿಂದ ಹೊಕ್ಕಾನ. ವರ್ಷದ ಮ್ಯಾಲಾತು.”

“ಒಳಗ ಕುಂತು ಏನ್ ಮಾಡಾಕತ್ತಾನ?”

“ಮೂಲ್ಯಾಗ ಕುಂತು ಯಾರ್‍ಯಾರಿಗೋ ಜೂಜಿನ ಜಾಹೀರಾತು ಕಳಸಾಕತ್ತಾನ. ನಿಮಗೇನ ತ್ರಾಸ ಕೊಟ್ಟಿಲ್ಲ.”

ಸಂಜೆಯವರೆಗೆ ಮಾಂತು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅಷ್ಟರಲ್ಲಿ ನಿಜಲಿಂಗಪ್ಪನವರು ಫೋನ್ ಮಾಡಿ “ಎಲ್ಲಾ ಬರೊಬ್ಬರಿ ಅದ ಹೌದಲ್ರಿ?” ಎಂದರು. ಮಾಂತು ಒಂದು ಕ್ಷಣ ತಡೆದ. ಆ ತಡೆಯುವಿಕೆಯ ವಾಸನೆ ಹಿಡಿದೇ ಅಧ್ಯಕ್ಷರು ಸ್ಕೂಟರ್ ಹತ್ತಿ, ಹಿಂದೆ ಕೃಷ್ಣಾಬಾಯಿಯನ್ನು ಕೂರಿಸಿಕೊಂಡು ಬಂದುಬಿಟ್ಟರು. ಮಾಂತುವಿನ ಬಾಯಿಂದ ವಿಷಯವೆಲ್ಲ ಹೊರಡಿಸಿ ಗುಡುಗಿದರು.

“ಕಳ್ಳ ಒಳಗ ಕುಂತಾನ, ನೀವು ಹೊರಗ ಚಹಾ ಕುಡೀಲಿಕತ್ತೀರಿ! ಒದ್ದು ಹೊರಗ ಹಾಕ್ರಿ ಅವನ್ನ!”

“ಸಾಹೇಬ್ರ, ಜರಾ ಥಾಂಬಾ, ತಡೀರಿ,” ಎಂದ ಸ್ವಪ್ನಿಲ್. “ಅವ ಏನೇನ್ ಮಾಡ್ಯಾನ ಮೊದಲ ನೋಡೂಣು.”

“ನೋಡೂದೇನದ?” ಎಂದರು ಕೃಷ್ಣಾಬಾಯಿ. “ಅವನ ಸಾಮಾನೂ ಒಗೀರಿ. ಮಾಂತು, ಹೂಂ!”

ಮಾಂತು ನೈಟ್‌ಬಾಯ್‌ನ ಹೆಸರು ಅಳಿಸಿದ. ಅವನು ತಂದಿಟ್ಟಿದ್ದ ಫೈಲುಗಳನ್ನೂ ಅಳಿಸಿದ. ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಸೈಟು ಸಂತೆಯಾಗಿತ್ತು. ಹೋಳಿಗೆಯ ಪುಟದಲ್ಲಿ ಇಸ್ಪೀಟಿನ ಎಲೆಗಳು ಕುಣಿಯುತ್ತಿದ್ದವು. ವಧೂವರರ ಪುಟದಲ್ಲಿ ಗಂಡಸರ ಶಕ್ತಿಮದ್ದು. ನಿಜಲಿಂಗಪ್ಪನವರ ಫೋಟೋದ ಮುಂದೆ ದೀಪವೇನೋ ಮಿನುಗುತ್ತಿತ್ತು. ಬೋಳುತಲೆಗೆ ಅಡ್ಡಲಾಗಿ ಮಾತ್ರ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಹರಿದಾಡುತ್ತಿತ್ತು.

“ಹೇಳಿದ್ನಿಲ್ಲ ಥಾಂಬಾ ಅಂತ?” ಎಂದ ಸ್ವಪ್ನಿಲ್. “ತಾ ಹೊಕ್ಕ ಮ್ಯಾಲ ಇನ್ನೊಬ್ಬ ಹೊಗಬಾರದಂತ ಆ ಮನಷ್ಯಾ ನಿಮ್ಮ ಎಲ್ಲಾ ತೂತಿಗೂ ಬೂಚ ಬಡದಿದ್ದ. ನೀವು ಒಗದದ್ದು ಆ ಬೂಚಗೋಳನ್ನ!”

“ಹಂಗಾದ್ರ ನೀ ಬಡಿ.”

“ನಾ ತಾಸಿನ ಲೆಕ್ಕದಾಗ ಕುರ್ಚಿ ಕೊಡಾಂವ ಮಾಂತಣ್ಣ. ಬೂಚ ನನಗ ಬರೂದಿಲ್ಲ.”

ಮಾವ ಬಾರಾಮತಿಯಲ್ಲಿ ಬಸ್ಸು ಹತ್ತಿಯಾಗಿತ್ತು. ಮಾಂತು ತೆರೆಯದೆ ಬಿಟ್ಟಿದ್ದ ಹಳೆಯ ಮೇಲ್‌ಗಳನ್ನೆಲ್ಲ ಜಾಲಾಡಿ, ‘ಹೊಸ ಮೇಲ್ವಿಚಾರಕರು ಸೇರಿದ್ದಾರೆ’ ಎಂಬ ಸೂಚನೆಯಲ್ಲಿ ನೈಟ್‌ಬಾಯ್‌ನ ವಿಳಾಸ ಪತ್ತೆಹಚ್ಚಿದ. ಆಫೀಸಿನ ಇಂಗ್ಲಿಷಿನಲ್ಲಿ ವಿಷಾದ ವ್ಯಕ್ತಪಡಿಸಿ, ದಯವಿಟ್ಟು ಕೆಲಸಕ್ಕೆ ಮರಳಬೇಕೆಂದು ವಿನಂತಿಸಿ, ಒಳಬರಲು ತನ್ನ ಪಾಸ್‌ವರ್ಡನ್ನೂ ಬರೆದ.

“ಹೋಳಿಗಿ ಕಳಸ್ತೀವಂತನೂ ಬರೀರಿ,” ಎಂದರು ಹೆಗಲ ಮೇಲಿಂದ ಇಣುಕುತ್ತಿದ್ದ ಕೃಷ್ಣಾಬಾಯಿ.

ಉತ್ತರ ಬೇಗ ಬಂತು. ಬರುತ್ತೇನೆ, ಆದರೆ ಹಳದಿ ಪಟ್ಟಿ ಒತ್ತಲೂ ಬಾರದ ಆ ಮನುಷ್ಯ ಇನ್ನು ಏನನ್ನೂ ಮುಟ್ಟಕೂಡದು, ಎಂದಿತ್ತು. ಸಂಜೆಯೊಳಗೆ ಸೈಟು ತೊಳೆದಿಟ್ಟ ತಟ್ಟೆಯಂತಾಯಿತು. ಮಾಂತು ಒಳಗೆ ಹೋಗಲು ನೋಡಿದ. ಅವನ ಪಾಸ್‌ವರ್ಡ್ ಬದಲಾಗಿತ್ತು. ಇರಲಿ, ಶಾಲು ಉಳಿಯಿತಲ್ಲ ಎಂದುಕೊಂಡ.

ಸಭೆಯಲ್ಲಿ ಕಾಶಪ್ಪನವರು ಹೊಸ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ನಿಜಲಿಂಗಪ್ಪನವರು ಮೈಕು ಹಿಡಿದರು.

“ಪಗಾರ ಇಲ್ಲ, ಹೆಸರಿನ ಆಸೆ ಇಲ್ಲ, ನಮ್ಮ ಸೈಟಿನ ಬಾಗಲಾ ಕಾದ ಮನಷ್ಯಾ...”

ಮಾಂತು ಕಾಲರ್ ಸರಿಮಾಡಿಕೊಂಡು ಅರ್ಧ ಎದ್ದ.

“...ಮುಂಜಾನೆ ನಾವ ತಪ್ಪು ತಿಳಕೊಂಡು ಹೊರಗ ಹಾಕಿದ್ರೂ ಮನಸಿನ್ಯಾಗ ಇಟಗೊಳ್ಳದ ತಿರುಗಿ ಬಂದವರು, ಶ್ರೀಯುತ ನೈಟ್‌ಬಾಯ್ ಅವರು! ಅವರ ಪರವಾಗಿ ಶಾಲು ಮಾಂತು ತಗೋತಾರ. ಮಾಂತು, ನಾಳಿಗೇ ಕೊರಿಯರ್ ಮಾಡಿಬಿಡ್ರಿ.”

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಕಾಶಪ್ಪನವರು. ಊಟವಾದ ಮೇಲೆ ಅಳಿಯನನ್ನು ಪಕ್ಕಕ್ಕೆ ಕರೆದು ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. ಮಾಂತುವಿನ ಎದೆ ಹಗುರಾಯಿತು.

“ಮಾಲು ಭಾರಿ ಅದ,” ಎಂದರು. ಆಮೇಲೆ ದನಿ ತಗ್ಗಿಸಿದರು. “ಮಾಂತಪ್ಪಾ, ಈ ನೈಟ್‌ಬಾಯ್ ಅವರದು ಲಗ್ನ ಆಗ್ಯದೇನು? ಹ್ಯಾಂಗೂ ಶಾಲು ಕಳಸಾಂವ ಅದೀ. ಅದರಾಗ ನಮ್ಮ ಮಾಧುರಿದೊಂದು ಫೋಟೋ ಇಟಬಿಡು.”

ಮಾಂತುವಿಗೆ ಇಲ್ಲ ಅನ್ನಲು ಬರಲಿಲ್ಲ.